ನೆಗ್ಗಿದ ಡಬ್ಬಿಯ ಸಾಕ್ಷಿ

ಯರಗಟ್ಟಿಯ ಕಿರಾಣಿ ಅಂಗಡಿಯಲ್ಲಿ ವಿದೇಶದಿಂದ ಬಂದ ಮಾಂಸದ ಡಬ್ಬಿ ಕೇಳಿದರೆ ಅಂಗಡಿಕಾರ ನಕ್ಕಾನು. ಅಂಥ ಸರಕು ಗೋವಾದ ಅಂಗಡಿಗಳಲ್ಲಿ, ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಸಿಗುತ್ತದೆ. ಅಲ್ಲಿಯೂ ಟ್ಯೂನಾ ಮೀನು, ಹಂದಿಮಾಂಸದ ಲಂಚನ್ ಮೀಟ್, ಸಾಸೇಜುಗಳದ್ದೇ ಪಾಲು. ದನದ ಮಾಂಸವನ್ನು ಯಾವ ರೂಪದಲ್ಲೂ ಭಾರತ ಆಮದಿಗೆ ಬಿಡುವುದಿಲ್ಲ. ಆದರೆ ತಗಡಿನ ಡಬ್ಬಿ ಯರಗಟ್ಟಿಗೆ ಹೊಸದಲ್ಲ. ಬೆಳಗಾವಿ–ಬಾಗಲಕೋಟೆ ರಸ್ತೆಯೂ ಗೋಕಾಕದಿಂದ ಸವದತ್ತಿ, ಧಾರವಾಡದ ಕಡೆ ಹೋಗುವ ರಸ್ತೆಯೂ ಕೂಡುವ ಊರು ಇದು. ರಸಗುಲ್ಲಾ, ಗುಲಾಬ್ ಜಾಮೂನು, ಅನಾನಸ್ ಚೂರು, ಹಾಲಿನ ಪುಡಿ, ಢಾಬಾಗಳಿಗೆ ಬೇಕಾದ ಅಣಬೆ ಮತ್ತು ಬೇಬಿಕಾರ್ನ್, ಎಲ್ಲವೂ ಡಬ್ಬಿಯಲ್ಲೇ ಬಂದಿಳಿಯುತ್ತವೆ. ರಜೆಗೆ ಬಂದ ಯೋಧರ ಟ್ರಂಕಿನಲ್ಲೂ ಒಂದೆರಡು ಇರುತ್ತವೆ. ರಟ್ಟಿನ ಪೆಟ್ಟಿಗೆ ಟೆಂಪೊದಿಂದ ಕೆಳಗೆ ಬಿದ್ದು ನಾಲ್ಕಾರು ಡಬ್ಬಿ ನೆಗ್ಗಿದಾಗ ಅವುಗಳ ಗತಿ ಏನು ಎಂಬ ಪ್ರಶ್ನೆ ವಿದೇಶದ ಮಾಂಸಕ್ಕೂ ಇಲ್ಲಿನ ಅಣಬೆಗೂ ಒಂದೇ. ಅದಕ್ಕೆ ಉತ್ತರವನ್ನು ಜಗತ್ತು ಕಲಿತದ್ದು ಮಾತ್ರ ಹೆಚ್ಚಾಗಿ ಆಮದಾದ ಮಾಂಸ, ಮೀನುಗಳ ಡಬ್ಬಿಗಳಿಂದ, ಅದೂ ಹಲವರ ಪ್ರಾಣ ಹೋದ ಮೇಲೆ. ಪೆಟ್ಟು ತಿಂದ ಡಬ್ಬಿಯ ವಿಷಯದಲ್ಲಿ ನಮ್ಮ ನಂಬಿಕೆ ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ. ಪ್ರಯೋಗಾಲಯದ ವರದಿಯನ್ನು ದೊಡ್ಡದೆಂದೂ ಡಬ್ಬಿಯ ಅಂಚನ್ನು ಕಣ್ಣಿನಿಂದ ನೋಡುವುದನ್ನು ಚಿಕ್ಕದೆಂದೂ ತಿಳಿದಿದ್ದೇವೆ. ಪುರಾವೆಗಳು ಬೇರೆಯದನ್ನು ಹೇಳುತ್ತವೆ.

ಡಬ್ಬಿಯಲ್ಲಿ ಆಹಾರ ವರ್ಷಗಟ್ಟಲೆ ಕೆಡದಿರುವುದಕ್ಕೆ ಕಾರಣ ಔಷಧಿಯಲ್ಲ. ಬಿಸಿ ಮತ್ತು ಮುಚ್ಚಳ. ಆಹಾರ ತುಂಬಿ, ಮುಚ್ಚಳ ಹಾಕಿ, ಹಬೆಯ ಒತ್ತಡದ ಪಾತ್ರೆಯಲ್ಲಿ ಡಬ್ಬಿಯನ್ನು ಬೇಯಿಸುತ್ತಾರೆ. ಮಾಂಸ, ಮೀನು, ಅಣಬೆಯಂಥ ಹುಳಿಯಿಲ್ಲದ ಪದಾರ್ಥಗಳಲ್ಲಿ ಎಲ್ಲರೂ ಹೆದರುವುದು ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಕ್ಕೆ. ಮಣ್ಣಿನಲ್ಲಿ ಎಲ್ಲೆಡೆ ಇರುವ ಇದರ ಬೀಜಾಣುಗಳು ಕುದಿಯುವ ನೀರಿಗೂ ಬಗ್ಗುವುದಿಲ್ಲ. ಗಾಳಿಯಿಲ್ಲದ ಕಡೆ ಮೊಳೆತರೆ ನರಗಳನ್ನು ಕಟ್ಟಿಹಾಕುವ ವಿಷ ಮಾಡುತ್ತವೆ. ಆದ್ದರಿಂದ ಡಬ್ಬಿಯ ನಟ್ಟನಡುವಿನ ತುಣುಕೂ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ನಿಮಿಷ ಬೆಂದದ್ದಕ್ಕೆ ಸಮನಾದ ಬಿಸಿ ಉಣ್ಣಬೇಕು ಎಂಬುದು ಉದ್ಯಮದ ಕನಿಷ್ಠ ಲೆಕ್ಕ. ಲಕ್ಷ ಕೋಟಿ ಬೀಜಾಣುಗಳಿದ್ದರೆ ಒಂದು ಉಳಿದೀತು, ಅಷ್ಟೇ. ಇಷ್ಟು ಕಟ್ಟುನಿಟ್ಟಾದ ಅಡುಗೆ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಬೆಂದ ಡಬ್ಬಿ ತಣ್ಣಗಾದಾಗ ಒಳಗಿನ ಹಬೆ ನೀರಾಗಿ, ಒಳಗೆ ಗಾಳಿಯ ಒತ್ತಡ ಕುಸಿಯುತ್ತದೆ. ಮೇಲಿನ ಕೆಳಗಿನ ಮುಚ್ಚಳಗಳು ತುಸು ಒಳಕ್ಕೆ ಬಾಗಿ ನಿಲ್ಲುತ್ತವೆ. ಆರೋಗ್ಯವಂತ ಡಬ್ಬಿಯ ಲಕ್ಷಣ ಇದು. ಮುಚ್ಚಳ ಮತ್ತು ಮೈ ಸೇರುವ ಅಂಚನ್ನು ಬೆಸುಗೆ ಹಾಕಿ ಕೂಡಿಸಿರುವುದಿಲ್ಲ. ಕರ್ಚಿಕಾಯಿಯ ಅಂಚನ್ನು ಮಡಚಿ ಒತ್ತುವ ಹಾಗೆ ಎರಡು ತಗಡುಗಳನ್ನು ಒಂದರೊಳಗೊಂದು ಕೊಕ್ಕೆಯಾಗಿ ಮಡಚಿ, ನಡುವೆ ತೆಳುವಾದ ರಬ್ಬರಿನಂಥ ಲೇಪ ಇಟ್ಟು, ಉರುಳೆಗಳಿಂದ ಎರಡು ಸಲ ಒತ್ತಿರುತ್ತಾರೆ. ಡಬ್ಬಿಯ ಜೀವ ಇರುವುದು ಈ ಮಡಿಕೆಯಲ್ಲಿ. ಅದರ ಕೊಕ್ಕೆಗಳ ಉದ್ದವನ್ನು ಮಿಲಿಮೀಟರಿನ ನೂರನೆಯ ಭಾಗದವರೆಗೆ ಅಳೆಯುತ್ತಾರೆ, ಏಕೆಂದರೆ ಬ್ಯಾಕ್ಟೀರಿಯ ಒಳಹೋಗಲು ಮಿಲಿಮೀಟರಿನ ಸಾವಿರದ ಕೆಲವು ಭಾಗದಷ್ಟು ಸಂದಿ ಸಾಕು.

ಬಿಸಿಯ ಪಾಠ ಕಲಿಯಲು ಜಗತ್ತಿಗೆ ಸುಮಾರು ಒಂದು ಶತಮಾನ ಹಿಡಿಯಿತು. ಬ್ರಿಟಿಷ್ ನೌಕಾಪಡೆಗೆ ಸ್ಟೀಫನ್ ಗೋಲ್ಡ್ನರ್ ಎಂಬ ಗುತ್ತಿಗೆದಾರ ಡ್ಯಾನ್ಯೂಬ್ ದಂಡೆಯ ಗಲಾಟ್ಸ್ ಊರಿನ ಕಾರ್ಖಾನೆಯಿಂದ ಮಾಂಸದ ಡಬ್ಬಿ ತರಿಸಿ ಕೊಡುತ್ತಿದ್ದ. 1852ರ ಜನವರಿಯಲ್ಲಿ ತಪಾಸಣಾಧಿಕಾರಿಗಳು ಅವನ 306 ಡಬ್ಬಿ ಒಡೆದು ನೋಡಿದಾಗ ತಿನ್ನಲು ಯೋಗ್ಯವಾಗಿದ್ದವು 42 ಮಾತ್ರ. ಉಳಿದವುಗಳ ದುರ್ನಾತಕ್ಕೆ ಕೋಣೆಯಲ್ಲಿ ನಿಲ್ಲುವುದೇ ಕಷ್ಟವಾಯಿತು. ದೊಡ್ಡ ಡಬ್ಬಿಗಳ ನಡುಭಾಗಕ್ಕೆ ಬಿಸಿ ತಲುಪದಿದ್ದುದು ಒಂದು ಕಾರಣ. ಆಗ ರೋಗಾಣು ಸಿದ್ಧಾಂತ ಇನ್ನೂ ನೆಲೆಗೊಂಡಿರಲಿಲ್ಲ. 1890ರ ದಶಕದ ಕೊನೆಯಲ್ಲಿ ಬೋಸ್ಟನ್ನಿನ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಮತ್ತು ವಿಲಿಯಂ ಅಂಡರ್‌ವುಡ್ ಉಬ್ಬಿದ ಡಬ್ಬಿಗಳಲ್ಲಿ ಬಿಸಿಗೆ ಜಗ್ಗದ ಬ್ಯಾಕ್ಟೀರಿಯಗಳನ್ನು ಗುರುತಿಸಿ, ಎಷ್ಟು ಹೊತ್ತು ಎಷ್ಟು ಬಿಸಿ ಎಂಬುದನ್ನು ಅಂದಾಜಿನಿಂದ ಲೆಕ್ಕಕ್ಕೆ ತಂದರು. 20ನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ ಬೇಯಿಸುವ ವಿದ್ಯೆ ಪಕ್ಕಾ ಆಗಿತ್ತು. ಆಮೇಲೆ ದೊಡ್ಡ ಅನಾಹುತಗಳು ಬಂದದ್ದು ಹೆಚ್ಚಾಗಿ ಬೇರೆ ಬಾಗಿಲಿನಿಂದ.

1964ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಟೈಫಾಯಿಡ್ ಹಬ್ಬಿತು. ಕೆಲವೇ ವಾರಗಳಲ್ಲಿ 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮೂಲ ಹುಡುಕಿದಾಗ ಬೆರಳು ತೋರಿದ್ದು ಅರ್ಜೆಂಟೀನಾದಿಂದ ಬಂದ ಉಪ್ಪುಮಾಂಸದ ಒಂದು ದೊಡ್ಡ ಡಬ್ಬಿಯ ಕಡೆಗೆ. ಅದರ ಮಾಂಸ ಸರಿಯಾಗಿ ಬೆಂದಿತ್ತು. ಆದರೆ ಬೆಂದ ಡಬ್ಬಿಗಳನ್ನು ತಣಿಸಲು ಆ ಕಾರ್ಖಾನೆ ನದಿಯ ನೀರನ್ನು ಕ್ಲೋರಿನ್ ಹಾಕದೆ ಬಳಸುತ್ತಿತ್ತು. ನದಿಗೆ ಊರಿನ ಕೊಳಚೆ ಸೇರುತ್ತಿತ್ತು. ತಣಿಯುವಾಗ ಒಳಗೆ ಒತ್ತಡ ಕುಸಿಯುತ್ತದಲ್ಲ, ಆ ಗಳಿಗೆಯಲ್ಲಿ ಮಡಿಕೆಯ ಒಂದು ಸಣ್ಣ ಸಂದಿಯಿಂದ ಡಬ್ಬಿ ಹನಿ ನೀರನ್ನು ಒಳಕ್ಕೆ ಸೆಳೆದುಕೊಂಡಿರಬೇಕು ಎಂದು ತನಿಖೆ ತೀರ್ಮಾನಿಸಿತು. ಟೈಫಾಯಿಡ್ ರೋಗಾಣು ಬೆಳೆಯುವಾಗ ಅನಿಲ ಬಿಡುವುದಿಲ್ಲ. ಡಬ್ಬಿ ಉಬ್ಬಲಿಲ್ಲ, ಮಾಂಸ ನಾರಲಿಲ್ಲ, ಬಣ್ಣ ಕೆಡಲಿಲ್ಲ. ಅಂಗಡಿಯಲ್ಲಿ ಅದನ್ನು ಕತ್ತರಿಸಿದ ಯಂತ್ರದ ಮೂಲಕ ರೋಗ ಪಕ್ಕದ ಮಾಂಸಗಳಿಗೂ ದಾಟಿತು. ಸಾಗರ ದಾಟಿ ಬಂದ ಒಂದು ಡಬ್ಬಿ, ಅದರ ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಸಂದಿ, ಒಂದು ಇಡೀ ನಗರ.

1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಲ್ವರು ವೃದ್ಧರು ಅಲಾಸ್ಕಾದಿಂದ ಬಂದ ಸಾಲ್ಮನ್ ಮೀನಿನ ಡಬ್ಬಿ ತೆರೆದು ಉಂಡರು. ನಾಲ್ವರಿಗೂ ಬಾಟುಲಿನಮ್ ವಿಷದಿಂದಾಗುವ ಬಾಟುಲಿಸಂ ಆಯಿತು, ಇಬ್ಬರು ತೀರಿಕೊಂಡರು. ಡಬ್ಬಿಯ ತಗಡಿನಲ್ಲಿ ಒಂದು ಸಣ್ಣ ತೂತು ಕಂಡಿತು. 1982ರಲ್ಲಿ ಬೆಲ್ಜಿಯಂನಲ್ಲಿ ಅಲಾಸ್ಕಾದ್ದೇ ಇನ್ನೊಂದು ಸಾಲ್ಮನ್ ಡಬ್ಬಿಯಿಂದ ಒಬ್ಬ ಸತ್ತ. ಚಪ್ಪಟೆಯಾಗಿ ಬಂದ ಡಬ್ಬಿಗಳನ್ನು ದುಂಡಗೆ ಮಾಡುವ ಯಂತ್ರ ತಗಡನ್ನು ಹರಿದಿತ್ತು. ಒಂದು ಸಾವಿನ ಜಾಡು ಹಿಡಿದು 5 ಕೋಟಿಗೂ ಹೆಚ್ಚು ಡಬ್ಬಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಬೇಕಾಯಿತು. ಈ ಪ್ರಕರಣಗಳಲ್ಲಿ ಪದಾರ್ಥ, ದೇಶ, ರೋಗ ಎಲ್ಲವೂ ಒಂದೇ ಆಗಿರಲಿಲ್ಲ. ಎಲ್ಲ ಕಡೆಯೂ ಅಡುಗೆ ಸರಿಯಾಗಿತ್ತು, ಪಾತ್ರೆ ಕೆಟ್ಟಿತ್ತು.

ಇಲ್ಲಿ ಒಂದು ಆಕ್ಷೇಪ ಸಹಜ. ಹಾಗಾದರೆ ಡಬ್ಬಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಒಳಗಿನದನ್ನು ಪರೀಕ್ಷಿಸಿದರೆ ಮುಗಿಯಿತಲ್ಲ, ಅಂಚನ್ನು ತಡವುತ್ತ ಕೂರುವುದೇಕೆ? ಉತ್ತರ ಲೆಕ್ಕದಲ್ಲಿದೆ. ಒಂದು ಸರಕಿನಲ್ಲಿ ಸಾವಿರಕ್ಕೆ ಒಂದು ಡಬ್ಬಿ ಸೋರುತ್ತಿದೆ ಎನ್ನೋಣ. ಅದರಿಂದ 5 ಡಬ್ಬಿ ತೆಗೆದು ಒಡೆದರೆ ಕೆಟ್ಟದ್ದು ಕೈಗೆ ಸಿಗುವ ಸಾಧ್ಯತೆ 200ಕ್ಕೆ ಒಂದು. 60 ಒಡೆದರೂ ಶೇ. 6ರಷ್ಟೂ ಆಗುವುದಿಲ್ಲ. ಶೇ. 95ರಷ್ಟು ಖಾತ್ರಿ ಬೇಕೆಂದರೆ ಸುಮಾರು 3,000 ಡಬ್ಬಿ ಒಡೆಯಬೇಕು, ಒಡೆದದ್ದೆಲ್ಲ ಮಾರಲು ಬಾರದು. ಮಾದರಿ ಪರೀಕ್ಷೆ ಚೆನ್ನಾಗಿ ಒಪ್ಪುವುದು ಎಲ್ಲ ಕಡೆ ಒಂದೇ ತೆರನಾಗಿರುವ ದೋಷಕ್ಕೆ. ಹಾಲಿಗೆ ನೀರು ಬೆರೆಸಿದ್ದರೆ ಕ್ಯಾನಿನ ಯಾವ ಮೂಲೆಯಿಂದ ತೆಗೆದರೂ ನೀರೇ. ಎಣ್ಣೆ ಕಲಬೆರಕೆಯಾಗಿದ್ದರೆ ಪ್ರತಿ ಹನಿಯೂ ಅದನ್ನೇ ಹೇಳುತ್ತದೆ. ಕಾರ್ಖಾನೆಯಲ್ಲಿ ಒಂದಿಡೀ ಪಾಳಿ ಬೇಯಿಸಿದ್ದು ಕಡಿಮೆಯಾಗಿದ್ದರೂ ಮಾದರಿ ಅದನ್ನು ಹಿಡಿದೀತು. ಪೆಟ್ಟು ಹಾಗಲ್ಲ. ಅದು ಬಿದ್ದ ಒಂದು ಡಬ್ಬಿಗೆ ಸೇರಿದ ಸಂಗತಿ. ಅದರ ನೆರೆಯ ಡಬ್ಬಿ ಒಡೆದು ನೋಡಿ ಇದರ ಬಗ್ಗೆ ಪ್ರಮಾಣಪತ್ರ ಕೊಡಲಾಗದು.

ನಮ್ಮ ಕಾಯಿದೆಯ ಮಾದರಿ ತೆಗೆಯುವ ಕ್ರಮವೂ ಹಾಲು, ಎಣ್ಣೆಗಳನ್ನು ಕಣ್ಣ ಮುಂದಿಟ್ಟುಕೊಂಡೇ ರೂಪುಗೊಂಡಂತೆ ಕಾಣುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಅಧಿಕಾರಿ ಸಾಮಾನ್ಯವಾಗಿ ಮಾದರಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ನಮ್ಮ ಭಾಗದವರಿಗೆ ಎಂದರೆ ಬೆಳಗಾವಿಯ ವಿಭಾಗೀಯ ಆಹಾರ ಪ್ರಯೋಗಾಲಯಕ್ಕೆ. ಉಳಿದ ಭಾಗಗಳು ಮೇಲ್ಮನವಿ, ಮರುಪರೀಕ್ಷೆಗಾಗಿ. ಮೊಹರು ಹಾಕಿದ ಡಬ್ಬಿಗಳಲ್ಲಿ ಒಂದೊಂದು ಡಬ್ಬಿಯೇ ಒಂದೊಂದು ಭಾಗವಾಗಬಹುದು. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ಆದರೆ ಅಂಚು ನೆಗ್ಗಿದ ಡಬ್ಬಿ ಬೆಳಗಾವಿಗೆ ಹೋಗಿ, ನೆಗ್ಗದ ಡಬ್ಬಿ ಮರುಪರೀಕ್ಷೆಗೆ ಉಳಿದರೆ ಎರಡು ವರದಿಗಳೂ ನಿಜವಾಗಿರುತ್ತವೆ, ಒಂದಕ್ಕೊಂದು ವಿರುದ್ಧವೂ ಆಗಿರುತ್ತವೆ. ಬಂದರಿನಲ್ಲೂ ಕಷ್ಟ ಇಂಥದೇ. 2017ರ ಆಮದು ನಿಯಮಗಳು ಕಾಗದಪತ್ರಗಳ ಪರಿಶೀಲನೆ, ಕಣ್ಣಿನ ತಪಾಸಣೆ, ಮಾದರಿ ಪರೀಕ್ಷೆ ಎಂಬ ಮೂರು ಹೆಜ್ಜೆ ಹೇಳುತ್ತವೆ. ನಡುವಿನ ಹೆಜ್ಜೆಯೇ ಬೇಗ ಮುಗಿದುಹೋಗುವಂಥದು: ಲೇಬಲ್ಲಿನ ಅಕ್ಷರ, ಅವಧಿಯ ದಿನಾಂಕ, ಸಸ್ಯಾಹಾರ–ಮಾಂಸಾಹಾರದ ಗುರುತು ನೋಡುವುದರಲ್ಲೇ ಹೊತ್ತು ಹೋದೀತು. ಆದರೆ ಡಬ್ಬಿಗೆ ನೇರವಾಗಿ ಸಂಬಂಧಿಸಿದ ನಿಯಮ 2011ರಿಂದಲೇ ಸ್ಪಷ್ಟವಾಗಿದೆ. ಡಬ್ಬಿಯ ಹೊರಮೈ ದೊಡ್ಡ ನೆಗ್ಗು, ತುಕ್ಕು, ತೂತು, ಅಂಚಿನ ವಿಕಾರ ಇಲ್ಲದೆ ಇರಬೇಕು, ಡಬ್ಬಿ ಸೋರಬಾರದು. ಈ ನಿಯಮಕ್ಕೆ ಪ್ರಯೋಗಾಲಯ ಬೇಕಿಲ್ಲ. ಬಂದರಿಗೆ ಹೇಗೋ ಯರಗಟ್ಟಿಯ ಅಂಗಡಿಗೂ ಹಾಗೆ ಅದು ಅನ್ವಯಿಸುತ್ತದೆ. ಡಬ್ಬಿಗಳ ಸರಕನ್ನು ಕಣ್ಣಿನಿಂದ ತಪಾಸಣೆ ಮಾಡುವುದು ಹೇಗೆ ಎಂಬುದಕ್ಕೆಂದೇ ಆಹಾರ ಮಾನದಂಡಗಳ ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗ 1993ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಕಣ್ಣಿನ ಕೆಲಸವನ್ನು ವಿಜ್ಞಾನಿಗಳೇ ಇಷ್ಟು ಗಂಭೀರವಾಗಿ ಎಣಿಸಿದ್ದಾರೆ.

ಇಷ್ಟು ಹೇಳಿದ್ದರಿಂದ ಪ್ರಯೋಗಾಲಯ ನಿರರ್ಥಕ ಎಂದು ಯಾರೂ ತಿಳಿಯಬಾರದು. ಅದರ ನಿಜವಾದ ಶಕ್ತಿ ಇರುವುದು ಅನುಮಾನ ಬಂದ ಡಬ್ಬಿಯ ಕಥೆಯನ್ನು ಬಿಚ್ಚುವುದರಲ್ಲಿ, ಕಳ್ಳ ಎಲ್ಲಿಂದ ನುಗ್ಗಿದ ಎಂದು ಹೇಳುವುದರಲ್ಲಿ. ಆ ಕೆಲಸದ ಕ್ರಮ ನೋಡಲು ಚೆಂದ. ಮೊದಲು ಲೇಬಲ್ ಸುಲಿದು, ಮುಚ್ಚಳದ ಮೇಲೆ ಒತ್ತಿರುವ ಸಂಕೇತ ಸಂಖ್ಯೆ ಬರೆದುಕೊಂಡು, ಅಂಚನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡುತ್ತಾರೆ. ಬೆರಳಿನಿಂದ ಮುಚ್ಚಳ ತಟ್ಟುತ್ತಾರೆ, ಅನುಭವಿಯ ಕಿವಿಗೆ ನಿರ್ವಾತ ಇದ್ದ ಡಬ್ಬಿಯ ಸದ್ದೇ ಬೇರೆ. ಉಬ್ಬಿರದಿದ್ದರೆ 35ರಿಂದ 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ 10–14 ದಿನ ಇಟ್ಟು ಕಾಯುತ್ತಾರೆ. ಬಿಸಿಪ್ರಿಯ ಜೀವಿಗಳಿಗಾಗಿ ಬೇರೆ ಡಬ್ಬಿಗಳನ್ನು 55 ಡಿಗ್ರಿಯಲ್ಲಿ 5–7 ದಿನ ಇಡುತ್ತಾರೆ. ಉಬ್ಬಿದ ಡಬ್ಬಿಯನ್ನು ತೆರೆಯುವಾಗ ಒಳಗಿನದು ಮುಖಕ್ಕೆ ಚಿಮ್ಮದಂತೆ ಕ್ರಿಮಿಶುದ್ಧ ಬಟ್ಟೆ ಹೊದಿಸುತ್ತಾರೆ. ತೆರೆಯುವುದೂ ಸಂಕೇತ ಸಂಖ್ಯೆ ಇಲ್ಲದ ತುದಿಯಿಂದ, ಅಂಚಿನ ಮಡಿಕೆಗೆ ತಾಗದ ಹಾಗೆ, ಏಕೆಂದರೆ ಮಡಿಕೆ ಆಮೇಲೆ ಬೇಕು. ಒಳಗಿನದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೆಳೆಸಿ ನೋಡುತ್ತಾರೆ. ಬಿಸಿಗೆ ಜಗ್ಗದ, ಬೀಜಾಣು ಮಾಡುವ ಒಂದೇ ಜಾತಿಯ ಕಡ್ಡಿಯಾಕಾರದ ಬ್ಯಾಕ್ಟೀರಿಯ ಸಿಕ್ಕರೆ ಅನುಮಾನ ಬೇಯಿಸಿದವನ ಮೇಲೆ. ಗುಂಡಗಿನವು, ಉದ್ದನೆಯವು, ಯೀಸ್ಟು ಎಂದು ಸಂತೆಯೇ ನೆರೆದಿದ್ದರೆ ಅವು ಬೆಂದು ಉಳಿದವಲ್ಲ, ಆಮೇಲೆ ಒಳಬಂದವು. ಎಂದರೆ ಡಬ್ಬಿ ಸೋರಿದೆ. ಕೊನೆಗೆ ಖಾಲಿ ಡಬ್ಬಿ ತೊಳೆದು, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುತ್ತಾರೆ, ಇಲ್ಲವೇ ಬಣ್ಣದ ದ್ರವ ಹಚ್ಚಿ ಸಂದಿ ಹುಡುಕುತ್ತಾರೆ. ಮಡಿಕೆಯನ್ನು ಬಿಚ್ಚಿ ಕೊಕ್ಕೆಗಳನ್ನು ಅಳೆಯುತ್ತಾರೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಸೈನ್ಯದ ಊಟಕ್ಕಾಗಿ 1961ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ, ಇವೆರಡರಿಂದ ಡಬ್ಬಿಯ ವಿದ್ಯೆ ಕನ್ನಡ ನಾಡಿಗೆ ಪರಕೀಯವಾಗಿ ಉಳಿದಿಲ್ಲ. ಮಂಗಳೂರು, ಮಲ್ಪೆ ಕರಾವಳಿಯಲ್ಲಿ ಭೂತಾಯಿ, ಬಂಗುಡೆಗಳನ್ನು ಡಬ್ಬಿಗೆ ತುಂಬಿದವರಿಗೂ ಇದು ಗೊತ್ತು. ಗಮನಿಸಬೇಕಾದ್ದೆಂದರೆ, ಇಷ್ಟೆಲ್ಲ ಮಾಡಿದ ಮೇಲೆ ಪರೀಕ್ಷಕರು ಮತ್ತೆ ಬಂದು ನಿಲ್ಲುವುದು ಅಂಚಿನ ಬಳಿಯೇ.

ಹಾಗಾದರೆ ಕಣ್ಣಿಗೆ ಏನು ಕಾಣುತ್ತದೆ? ಎಲ್ಲ ನೆಗ್ಗೂ ಒಂದೇ ಅಲ್ಲ. ಡಬ್ಬಿಯ ಮೈಯ ನಡುವೆ, ಬಟ್ಟಲಿನಂತೆ ನಯವಾಗಿ ತಗ್ಗಾಗಿದ್ದರೆ, ಮುಚ್ಚಳಗಳು ಒಳಬಾಗಿಯೇ ಇದ್ದರೆ ಹೆಚ್ಚಿನ ಅಪಾಯವಿಲ್ಲ. ತಗಡು ಚೂಪಾಗಿ ಮಡಚಿಕೊಂಡು ಗೆರೆ ಬಿದ್ದಿದ್ದರೆ ಕಲಾಯಿ ಒಡೆದು ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು. ಪೆಟ್ಟು ಮೇಲಂಚು ಅಥವಾ ಕೆಳಅಂಚಿನ ಮಡಿಕೆಯ ಮೇಲೆ ಬಿದ್ದಿದ್ದರೆ, ಮೈಯ ಉದ್ದದ ಬೆಸುಗೆಯ ಗೆರೆ ಮಡಿಕೆಯನ್ನು ಸೇರುವ ಜಾಗದಲ್ಲಿ ಬಿದ್ದಿದ್ದರೆ, ನೆಗ್ಗು ಎಷ್ಟು ಚಿಕ್ಕದಾದರೂ ಆ ಡಬ್ಬಿ ಬೇಡ. ಬಟ್ಟೆಯಿಂದ ಒರೆಸಿದರೆ ಹೋಗುವ ತುಕ್ಕು ಮೇಲಿನದು. ಒರೆಸಿದ ಮೇಲೂ ಗುಳಿ ಕಂಡರೆ ತಗಡನ್ನೇ ತಿಂದಿದೆ. ಮುಚ್ಚಳ ಉಬ್ಬಿದ್ದರೆ ವಾದವೇ ಇಲ್ಲ. ಒಂದು ತುದಿ ಒತ್ತಿದಾಗ ಇನ್ನೊಂದು ತುದಿ ಟಕ್ಕೆಂದು ಹೊರಬಂದರೂ ಅದು ಉಬ್ಬಿನ ಮೊದಲ ಹೆಜ್ಜೆ ಎಂದೇ ತಿಳಿಯಬೇಕು. ಇದಕ್ಕೆ ಒಂದು ವಿನಾಯಿತಿ ಇದೆ, ಮಕ್ಕಳು ಸೈನ್ಯದಲ್ಲಿರುವ ನಮ್ಮ ಸೀಮೆಯ ಮನೆಗಳಿಗೆ ಸ್ವಾರಸ್ಯ ಎನಿಸೀತು: ಸಮುದ್ರಮಟ್ಟದಲ್ಲಿ ಮುಚ್ಚಿದ ಡಬ್ಬಿಯನ್ನು ಲೇಹ್‌ನಂಥ ಎತ್ತರಕ್ಕೆ ಒಯ್ದರೆ ಅಲ್ಲಿ ಹೊರಗಿನ ಗಾಳಿಯ ಒತ್ತಡ ಮೂರರಲ್ಲಿ ಎರಡು ಭಾಗಕ್ಕೆ ಇಳಿದಿರುತ್ತದೆ. ಯಾವ ರೋಗಾಣುವೂ ಇಲ್ಲದೆ ಮುಚ್ಚಳ ಹೊರಬಾಗಬಹುದು. ಯರಗಟ್ಟಿಗೆ ಆ ನೆಪ ಇಲ್ಲ.

ಟೈಫಾಯಿಡ್ ಡಬ್ಬಿ ಉಬ್ಬಲೇ ಇಲ್ಲವಲ್ಲ, ಕಣ್ಣಿಗೆ ಏನು ಕಂಡೀತು ಎಂದು ಮರುಪ್ರಶ್ನೆ ಹಾಕಬಹುದು. ಸರಿಯಾದ ಪ್ರಶ್ನೆ. ಕಣ್ಣು ರೋಗಾಣುವನ್ನು ಕಾಣಲಾರದು, ಅದು ಒಳಹೋಗುವ ದಾರಿಯನ್ನು ಮಾತ್ರ ಕಂಡೀತು. ಕಾರ್ಖಾನೆಯಲ್ಲೇ ಆದ, ಹೊರಗೆ ಗುರುತು ಬಿಡದ ಸಂದಿ ಗ್ರಾಹಕನಿಗಾಗಲಿ ಅಂಗಡಿಕಾರನಿಗಾಗಲಿ ಕಾಣುವುದಿಲ್ಲ, ಅದನ್ನು ಕಾರ್ಖಾನೆಯಲ್ಲಿ ತಾಸುತಾಸಿಗೆ ಮಡಿಕೆ ಬಿಚ್ಚಿ ಅಳೆದೇ ತಡೆಯಬೇಕು, ತಣಿಸುವ ನೀರಿಗೆ ಕ್ಲೋರಿನ್ ಹಾಕಬೇಕು. ಅಬರ್ಡೀನ್ ಕಲಿಸಿದ್ದು ಇದನ್ನೇ. ಆದರೆ ಕಾರ್ಖಾನೆ ಬಿಟ್ಟ ಮೇಲೆ ಆಗುವ ಹಾನಿಗೆ ಗುರುತು ಇರುತ್ತದೆ, ಪೆಟ್ಟು ಎಂದರೆ ಗುರುತೇ. ನಮ್ಮ ಹಿಡಿತಕ್ಕೆ ಸಿಗುವುದು ಆ ಭಾಗ.

ಈಗ ದಾರಿಯ ವಿಚಾರ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಪೆಟ್ಟಿಗೆಗೆ ಅಲ್ಲಿ ಒಪ್ಪಿಗೆ ಸಿಗುತ್ತದೆ ಎನ್ನೋಣ. ಒಪ್ಪಿಗೆಯ ಕಾಗದ ಅಲ್ಲೇ ಉಳಿಯುತ್ತದೆ. ಪೆಟ್ಟಿಗೆ ಲಾರಿ ಹತ್ತಿ ಬೆಳಗಾವಿ ಅಥವಾ ಹುಬ್ಬಳ್ಳಿಯ ಹೋಲ್‌ಸೇಲ್ ಗೋದಾಮಿಗೆ, ಅಲ್ಲಿಂದ ಟೆಂಪೊದಲ್ಲಿ ಅಂಗಡಿಗೆ ಬರುವಷ್ಟರಲ್ಲಿ ಹಮಾಲರು ಅದನ್ನು ಕನಿಷ್ಠ ನಾಲ್ಕು ಸಲ ಎತ್ತಿ ಇಳಿಸಿರುತ್ತಾರೆ. ಡಬ್ಬಿ ನೆಗ್ಗುವುದು ಈ ದಾರಿಯಲ್ಲಿ. ತಪಾಸಣೆ ಮುಗಿದ ಮೇಲೆ ಹಾನಿ ಆಗುತ್ತದೆ, ಹಾನಿ ಆದ ಮೇಲೆ ತಪಾಸಣೆ ಇಲ್ಲ. ಇದಕ್ಕೆ ನೀರು ಸೇರಿದರೆ ಅಪಾಯ ಹೆಚ್ಚು. ಒಣ ಡಬ್ಬಿಗೆ ಪೆಟ್ಟು ಬಿದ್ದರೆ ಮಡಿಕೆ ಕ್ಷಣಮಾತ್ರ ಬಾಯಿ ತೆರೆದು ಮುಚ್ಚಿಕೊಂಡರೂ ಒಳಹೋಗುವುದು ತುಸು ಗಾಳಿ. ಒದ್ದೆ ಡಬ್ಬಿಗೆ ಅದೇ ಪೆಟ್ಟು ಬಿದ್ದರೆ ಒಳಗಿನ ನಿರ್ವಾತ ಅಂಚಿನ ಹನಿಯನ್ನೇ ಎಳೆದುಕೊಳ್ಳುತ್ತದೆ, ಹನಿಯ ಜೊತೆ ರೋಗಾಣುವನ್ನೂ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ಇಟ್ಟ ಡಬ್ಬಿಗೆ ಇನ್ನೊಂದು ಕಾಟ. ಕಾರ್ಖಾನೆಯ ಬಿಸಿಯಲ್ಲೂ ಸಾಯದ ಕೆಲವು ಬೀಜಾಣುಗಳು ಸಾಮಾನ್ಯ ಹವೆಯಲ್ಲಿ ಮಲಗಿದ್ದು ಅತಿ ಸೆಕೆಯಲ್ಲಿ ಏಳುತ್ತವೆ, ಡಬ್ಬಿಯನ್ನು ಉಬ್ಬಿಸದೆ ಒಳಗಿನದನ್ನು ಹುಳಿ ಮಾಡುತ್ತವೆ. ಇದು ರೋಗಕ್ಕಿಂತ ರುಚಿಯ ತೊಂದರೆ ಎನ್ನಬಹುದು.

ಪ್ರವಾಹದ ಮಾತು ಇಲ್ಲಿ ಬಿಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗ ಕಡೆಯ ಊರುಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ, ಹಿಟ್ಟು ಹೋದವೆಂದು ಎಲ್ಲರೂ ಒಪ್ಪುತ್ತಾರೆ, ಡಬ್ಬಿ ಮಾತ್ರ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಕೊಳಚೆ ಬೆರೆತ ನೀರಿನಲ್ಲಿ ಮುಳುಗಿದ ಡಬ್ಬಿಯ ಮಡಿಕೆಯ ಸಂದಿನಲ್ಲಿ ಕೆಸರು ಕೂತಿರುತ್ತದೆ. ಹಗಲು ಬಿಸಿಯೇರಿ ರಾತ್ರಿ ತಣಿದಂತೆ ಒಳಗಿನ ಒತ್ತಡ ಏರಿಳಿಯುತ್ತ, ಸಣ್ಣ ಸಂದಿ ಇದ್ದರೆ ಡಬ್ಬಿ ಆ ಕೆಸರನ್ನು ಹೀರಿಕೊಳ್ಳುತ್ತದೆ. ಲೇಬಲ್ ಕಿತ್ತುಹೋಗಿ ಒಳಗೆ ಏನಿದೆ, ಯಾವಾಗ ತಯಾರಾದದ್ದು ಎಂಬುದೂ ಅಳಿಸಿರುತ್ತದೆ. ನೆಗ್ಗಿಲ್ಲದ, ತುಕ್ಕಿಲ್ಲದ ಡಬ್ಬಿಗಳನ್ನು ಸೋಪಿನಿಂದ ತೊಳೆದು ಕ್ಲೋರಿನ್ ನೀರಿನಲ್ಲಿ ಅದ್ದಿ ಉಳಿಸಿಕೊಳ್ಳುವ ವಿಧಾನ ಇದೆ, ಆದರೆ ಅದು ತರಬೇತಾದವರ ಮೇಲ್ವಿಚಾರಣೆಯಲ್ಲಿ ಆಗಬೇಕಾದ ಕೆಲಸ. ನೆರೆಯಲ್ಲಿ ಮುಳುಗಿ ನೆಗ್ಗೂ ಆದ ಡಬ್ಬಿಯನ್ನು ಉಳಿಸುವ ಪ್ರಯತ್ನ ಬೇಡವೇ ಬೇಡ.

ಕುದಿಸಿ ತಿಂದರಾಯಿತು ಎಂಬುದು ಅಡುಗೆಮನೆಯ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. ಬಾಟುಲಿನಮ್ ವಿಷ ಚೆನ್ನಾಗಿ 10 ನಿಮಿಷ ಕುದಿಸಿದರೆ ನಾಶವಾಗುತ್ತದೆ, ಬೀಜಾಣು ಸಾಯದಿದ್ದರೂ ವಿಷ ಸಾಯುತ್ತದೆ. ಆದರೆ ಡಬ್ಬಿಯ ಮೀನು, ಮಾಂಸ, ಅನಾನಸ್, ರಸಗುಲ್ಲಾಗಳನ್ನು ಜನ ಕುದಿಸಿ ತಿನ್ನುವುದಿಲ್ಲ. ಅಣಬೆಯನ್ನೂ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಿ ಇಳಿಸುತ್ತಾರೆ. ಇನ್ನು ಸ್ಟಫಿಲೊಕಾಕಸ್ ಎಂಬ ಬ್ಯಾಕ್ಟೀರಿಯದ ವಿಷ ಕುದಿತಕ್ಕೂ ಬಗ್ಗುವುದಿಲ್ಲ. 1989ರಲ್ಲಿ ಅಮೆರಿಕದ ಹಲವು ಊರುಗಳಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ಉಂಡವರು ವಾಂತಿಯಿಂದ ಒದ್ದಾಡಿದರು. ಕಾರಣ ಚೀನಾದಿಂದ ಬಂದ ಅಣಬೆಯ ದೊಡ್ಡ ಡಬ್ಬಿಗಳಲ್ಲಿದ್ದ ಈ ವಿಷ. ಅಲ್ಲಿನ ಸರ್ಕಾರ ಆ ಆಮದನ್ನೇ ತಡೆಯಿತು. ಢಾಬಾದವರು ಕೊಳ್ಳುವುದು ಇಂಥ ದೊಡ್ಡ ಡಬ್ಬಿಗಳನ್ನೇ ಎಂಬುದನ್ನು ನೆನಪಿಡುವುದು ಒಳ್ಳೆಯದು.

ನಮ್ಮಲ್ಲಿ ಇಂಥದ್ದೆಲ್ಲ ಕೇಳಿಲ್ಲವಲ್ಲ ಎನ್ನುವವರಿಗೆ ಒಂದು ಪ್ರಕರಣ. 1996ರಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ 34 ಮಕ್ಕಳು ಕಾಯಿಲೆ ಬಿದ್ದರು, ಮೂವರು ಸತ್ತರು. ಕಡಲೆಹಿಟ್ಟಿನ ಸೇವಿನಲ್ಲಿ ಬಾಟುಲಿನಮ್ ಜಾತಿಗೆ ಹತ್ತಿರದ ಬ್ಯಾಕ್ಟೀರಿಯವೊಂದು ಅದೇ ಬಗೆಯ ವಿಷ ಮಾಡಿತ್ತು. ಅಲ್ಲಿ ಡಬ್ಬಿಯ ಸಂಬಂಧವೇನೂ ಇರಲಿಲ್ಲ. ಆದರೆ ಈ ವಿಷ ಭಾರತದ ಮಣ್ಣಿಗೆ ಅಪರಿಚಿತವಲ್ಲ ಎಂಬುದಕ್ಕೆ ಅದು ಸಾಕ್ಷಿ. ಒಂದೇ ಕಡೆ ಹಲವು ಮಕ್ಕಳು ಒಟ್ಟಿಗೆ ಬಿದ್ದಿದ್ದರಿಂದ ಮೂಲ ಪತ್ತೆಯಾಯಿತು. ಒಂದು ಮನೆಯಲ್ಲಿ ಒಬ್ಬರಿಗೆ ಕಣ್ಣು ಮಂಜಾಗಿ, ನಾಲಿಗೆ ತೊದಲಿ, ಉಸಿರು ಕಟ್ಟಿದರೆ ಅದು ಪಾರ್ಶ್ವವಾಯು, ಹಾವಿನ ಕಡಿತ ಎಂಬ ಲೆಕ್ಕಕ್ಕೆ ಸೇರಿಹೋಗುವುದು ಸುಲಭ. ನಿನ್ನೆ ಉಂಡ ಡಬ್ಬಿ ಯಾವುದೆಂದು ಯಾರೂ ಕೇಳುವುದಿಲ್ಲ. ಹಾಗೆಂದು ಡಬ್ಬಿ ಕಂಡರೆ ಓಡಬೇಕಿಲ್ಲ; ಜಗತ್ತಿನಲ್ಲಿ ವರ್ಷಕ್ಕೆ ಬರಿದಾಗುವ ಡಬ್ಬಿಗಳ ಸಂಖ್ಯೆ ನೋಡಿದರೆ ಅವುಗಳಿಂದ ಆಗುವ ಸಾವು ತೀರ ಅಪರೂಪ, ಬಿಸಿಲಿನಲ್ಲಿಟ್ಟ ಪನೀರಿಗಿಂತ ಅವೇ ವಾಸಿ. ಅಪರೂಪವಾದದ್ದನ್ನು ಅಪರೂಪವಾಗಿ ಉಳಿಸಿರುವುದೇ ಮಡಿಕೆಯ ಬಗೆಗಿನ ಈ ಕಟ್ಟುನಿಟ್ಟು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ: ನಷ್ಟ ಯಾರದು? ನಯವಾಗಿ ತಗ್ಗಾದ ಡಬ್ಬಿಯನ್ನೂ ಬಿಸಾಡಿದರೆ ಅನ್ನ ದಂಡ, ಬಡ ಅಂಗಡಿಕಾರನಿಗೆ ಪೆಟ್ಟು. ಆದ್ದರಿಂದಲೇ ಎಲ್ಲ ನೆಗ್ಗನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೈಯ ನಯವಾದ ಸಣ್ಣ ನೆಗ್ಗನ್ನು ಮಾರಬಹುದು, ಮಡಿಕೆಯ ನೆಗ್ಗನ್ನು ಮಾರಬಾರದು ಎಂಬ ಗೆರೆ ಎರಡೂ ಕಡೆಯವರಿಗೆ ನ್ಯಾಯವಾದದ್ದು. ಆದರೆ ಇಂದಿನ ರೂಢಿ ಈ ಗೆರೆಯನ್ನು ಮುರಿಯುವಂತೆಯೇ ಇದೆ. ಅವಧಿ ಮೀರಿದ ಸರಕನ್ನು ಕಂಪನಿಯ ಸೇಲ್ಸ್‌ಮನ್ ವಾಪಸು ಒಯ್ಯುವುದುಂಟು, ನೆಗ್ಗಿದ್ದನ್ನು ಮಾತ್ರ ನಿಮ್ಮಲ್ಲೇ ಆದದ್ದು ಎಂದು ಬಿಟ್ಟುಹೋಗುತ್ತಾನೆ. ಅಂಗಡಿಕಾರ ಅದನ್ನು ಅರ್ಧ ಬೆಲೆಗೆ ಹೋಟೆಲಿಗೆ ದಾಟಿಸುತ್ತಾನೆ. ಹೋಟೆಲಿನ ಅಡುಗೆಮನೆಯಲ್ಲಿ ಡಬ್ಬಿ ತೆರೆದು, ತಗಡು ಕಸಕ್ಕೆ ಹೋದ ಮೇಲೆ ಉಂಡವನಿಗೆ ನೋಡಲು ಯಾವ ಅಂಚೂ ಉಳಿದಿರುವುದಿಲ್ಲ. ಸರಕು ಇಳಿಸುವ ಹೊತ್ತಿನಲ್ಲೇ ಪೆಟ್ಟಿಗೆ ತೆರೆದು, ಮಡಿಕೆ ನೆಗ್ಗಿದ ಡಬ್ಬಿಗಳನ್ನು ಟೆಂಪೊದವನ ಎದುರಿಗೇ ಎಣಿಸಿ ಬಿಲ್ಲಿನಲ್ಲಿ ಬರೆಸಿಕೊಂಡರೆ ನಷ್ಟ ಸಾಗಿಸಿದವನ ಮತ್ತು ಕಳಿಸಿದವನ ನಡುವೆ ಹಂಚಿಹೋಗುತ್ತದೆ. ಕಾಯಿದೆಯೂ ಅಂಗಡಿಕಾರನಿಗೆ ಇದನ್ನೇ ಕೇಳುತ್ತದೆ: ಈ ಸರಕನ್ನು ಯಾರಿಂದ ಕೊಂಡೆ ಎಂದು ತೋರಿಸಲಾರದವನು ತಾನೇ ಹೊಣೆಯಾಗುತ್ತಾನೆ. ತಾಲೂಕಿಗೆ ಬರುವ ಆಹಾರ ಸುರಕ್ಷತಾ ಅಧಿಕಾರಿ ಎಣ್ಣೆ, ಚಹಾಪುಡಿಯ ಮಾದರಿ ತೆಗೆಯುವ ದಿನವೇ ಡಬ್ಬಿಗಳ ಸಾಲಿನ ಮೇಲೆ ಒಮ್ಮೆ ಕೈಯಾಡಿಸಿ, ಮಡಿಕೆ ಕೆಟ್ಟವನ್ನು ಪರೀಕ್ಷೆಗೆ ಕಳಿಸದೆ ಡಬ್ಬಿಯ ಹೊರಮೈಯ ನಿಯಮದ ಮೇಲೆಯೇ ತೆಗೆಸಬಹುದು. ಮನೆಯಲ್ಲಿ ಡಬ್ಬಿ ತೆರೆದಾಗ ಅನುಮಾನ ಬಂದರೆ ರುಚಿ ನೋಡಬೇಡಿ. ಒಳಗಿನದನ್ನು ಡಬ್ಬಿಯಲ್ಲೇ ಬಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳದ ಮೇಲಿನ ಸಂಕೇತ ಸಂಖ್ಯೆಯ ಫೋಟೊ ತೆಗೆದು, ಬಿಲ್ಲಿನೊಡನೆ ಆಹಾರ ಸುರಕ್ಷತಾ ಪ್ರಾಧಿಕಾರದ 1800112100 ಸಂಖ್ಯೆಗೆ ಅಥವಾ ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತಾಧಿಕಾರಿಗೆ ತಿಳಿಸಿ. ಆ ಸಂಕೇತ ಸಂಖ್ಯೆ ಇದ್ದರೆ ಅದೇ ಪಾಳಿಯಲ್ಲಿ ತಯಾರಾದ ಉಳಿದ ಡಬ್ಬಿಗಳು ಯಾವ ಊರಿನಲ್ಲಿದ್ದರೂ ಹುಡುಕಬಹುದು, 1982ರಲ್ಲಿ ಬೆಲ್ಜಿಯಂನ ಡಬ್ಬಿಯಿಂದ ಅಲಾಸ್ಕಾದ ಯಂತ್ರದವರೆಗೆ ಹುಡುಕಿದ ಹಾಗೆ.